ಊಟ ಆದ ಮೇಲೆ ಹೊಟ್ಟೆ ತೊಳಸುತ್ತಾ? ಶುಗರ್ ಇರುವ ಹಿರಿಯರಲ್ಲಿ ಕಾರಣ ಹುಡುಕುವ ಬಗೆ

ನಮ್ಮ ಅಮ್ಮನಿಗೆ 72. ಶುಗರ್ ಬಂದು 18 ವರ್ಷ ಆಯಿತು. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಎರಡು ತುತ್ತು ಮುದ್ದೆ ನುಂಗಿದವಳು ತಟ್ಟೆ ಪಕ್ಕಕ್ಕೆ ಸರಿಸಿ, ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಳು. ಏನಾಯ್ತಮ್ಮಾ ಅಂದರೆ, "ಏನಿಲ್ಲ ಕಣೋ, ಗ್ಯಾಸು" ಅಂದಳು. ಆ ಒಂದು ಪದ ನಮ್ಮ ಮೂರು ತಿಂಗಳು ನುಂಗಿ ಹಾಕಿತು. ಜೀರಿಗೆ ಕಷಾಯ ಆಯಿತು, ಸೋಡ ಆಯಿತು, ಪಕ್ಕದ ಮನೆಯವರು ಹೇಳಿದ ಓಮಿನ ಕಾಳು ಆಯಿತು, ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ಗ್ಯಾಸ್ ಮಾತ್ರೆಯೂ ಆಯಿತು. ತೂಕ ಮಾತ್ರ 4 ಕೆ.ಜಿ. ಇಳಿಯಿತು.

ನಾನು ಡಾಕ್ಟರ್ ಅಲ್ಲ. ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ನಮ್ಮಲ್ಲಿಗೆ ಕೆಟ್ಟ ಮೋಟರ್ ಬಂದರೆ ಬಿಚ್ಚುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇವೆ: ಯಾವಾಗ ನಿಲ್ಲುತ್ತೆ? ಸ್ವಿಚ್ ಹಾಕಿದ ತಕ್ಷಣವಾ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲಾ? ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಅಮ್ಮನ ವಿಷಯದಲ್ಲಿ ಈ ಪ್ರಶ್ನೆ ನನಗೆ ಮೂರು ತಿಂಗಳು ತಲೆಗೇ ಹೊಳೆಯಲಿಲ್ಲ. ನಿಮ್ಮ ಮನೆಯಲ್ಲೂ ಇದೇ ತೊಂದರೆ ಇದ್ದರೆ ಕೆಳಗೆ ಬರೆದ ಕ್ರಮದಲ್ಲಿ ನೋಡಿಕೊಂಡು ಹೋಗಿ. ಕಾರಣ ಪಕ್ಕಾ ಮಾಡುವುದು ಡಾಕ್ಟರ್ ಕೆಲಸ. ಅವರ ಮುಂದೆ ಸರಿಯಾದ ವಿವರ ಇಡುವುದು ನಮ್ಮದು.

ಮೊದಲು ಇದು: ಕಾಯುವ ಹಾಗಿಲ್ಲದ ಲಕ್ಷಣಗಳು

ಶುಗರ್ ಹಳೆಯದಾದವರಲ್ಲಿ ನರಗಳು ಮಂಕಾಗಿರಬಹುದು. ಹಾರ್ಟ್ ಅಟ್ಯಾಕ್ ಆದರೂ ಎದೆ ನೋವೇ ಬರದೆ ಇರಬಹುದು. ಬರೀ ವಾಕರಿಕೆ, ತಣ್ಣನೆ ಬೆವರು, ಉಸಿರು ಕಟ್ಟಿದ ಹಾಗೆ, ಇದ್ದಕ್ಕಿದ್ದ ಹಾಗೆ ವಿಪರೀತ ಸುಸ್ತು, ಇಷ್ಟೇ ಕಾಣಬಹುದು. ವಾಕರಿಕೆಯ ಜೊತೆ ಇವುಗಳಲ್ಲಿ ಒಂದಾದರೂ ಇದ್ದಕ್ಕಿದ್ದ ಹಾಗೆ ಬಂದರೆ ಗ್ಯಾಸ್ ಅಂತ ಸೋಡ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಇ.ಸಿ.ಜಿ. ಆಗಲಿ. ಸುಳ್ಳಾದರೆ ನಷ್ಟವಿಲ್ಲ.

ರಕ್ತ ವಾಂತಿ, ಕಾಫಿ ಚರಟದ ಬಣ್ಣದ ವಾಂತಿ, ಟಾರಿನ ಹಾಗೆ ಕಪ್ಪು ಅಂಟು ಮಲ, ಕಣ್ಣು ಹಳದಿ, ಚಳಿ ಜ್ವರ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋವು, ಕುಡಿದ ನೀರೂ ನಿಲ್ಲದೆ ಇರುವುದು, ಮಾತು ತೊದಲುವುದು ಅಥವಾ ತಬ್ಬಿಬ್ಬಾಗುವುದು. ಇದರಲ್ಲಿ ಯಾವುದಿದ್ದರೂ ಆಸ್ಪತ್ರೆಗೆ, ಅವತ್ತೇ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತೆ, ಆದರೆ ಅದು ಮಾತ್ರೆಯದೋ ರಕ್ತದ್ದೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವುದು ಬೇಡ.

ಇನ್ನೊಂದು ಬಲೆ ಇದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವ ಮಾತ್ರೆಗಳು ಈಗ ಎಷ್ಟೋ ಜನರ ಡಬ್ಬಿಯಲ್ಲಿವೆ. ಒಳ್ಳೆಯ ಮಾತ್ರೆಗಳೇ, ಹಾರ್ಟಿಗೂ ಕಿಡ್ನಿಗೂ ಆಗಿಬರುತ್ತವೆ. ಆದರೆ ಇವನ್ನು ತಿನ್ನುವವರು ಊಟ ಬಿಟ್ಟು, ವಾಂತಿ ಮಾಡಿಕೊಂಡು ಮಲಗಿದರೆ ಮೈ ಕೊಬ್ಬು ಕರಗಿಸುವಾಗ ಬರುವ ಕೀಟೋನ್ ರಕ್ತದಲ್ಲಿ ಏರಿ ಆಮ್ಲ ತುಂಬಬಹುದು. ಮಾಮೂಲಾಗಿ ಆಗ ಶುಗರ್ 250 ದಾಟಿರಬೇಕು, ಇಲ್ಲಿ ಹಾಗಿಲ್ಲ. ಮೀಟರ್ 160, 180 ತೋರಿಸುತ್ತಾ ಇರುತ್ತೆ, ಒಳಗೆ ಪರಿಸ್ಥಿತಿ ಕೈ ಮೀರುತ್ತಾ ಇರುತ್ತೆ. ಜೋರು ಉಸಿರು, ಹೊಟ್ಟೆ ನೋವು, ನಿಲ್ಲದ ವಾಕರಿಕೆ ಇದ್ದರೆ ಮೀಟರನ್ನು ನಂಬಬೇಡಿ. ಈ ಮಾತ್ರೆಯ ಹೆಸರು ಹೇಳಿ ಕೀಟೋನ್ ಪರೀಕ್ಷೆ ಮಾಡಿಸಿ.

ತೊಳಸುವಾಗಲೇ ಶುಗರ್ ನೋಡಿ

ಆಮೇಲಲ್ಲ, ಆಗಲೇ. ಶುಗರ್ ಇಳಿದಾಗಲೂ ಹೊಟ್ಟೆ ತೊಳಸುತ್ತೆ, ತೀರಾ ಏರಿದಾಗಲೂ ತೊಳಸುತ್ತೆ. ಮುಖ ನೋಡಿ ಗೊತ್ತಾಗಲ್ಲ.

70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಮಾತು. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ತಿನ್ನುತ್ತಿದ್ದರೆ ಅಡುಗೆ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡಲ್ಲ, ಯಾಕೆಂದರೆ ಸಕ್ಕರೆಯನ್ನು ಒಡೆಯುವ ಕೆಲಸವನ್ನೇ ಆ ಮಾತ್ರೆ ತಡೆದಿರುತ್ತೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ತಂದು ಎಲ್ಲರಿಗೂ ಕಾಣುವ ಜಾಗದಲ್ಲಿಡಿ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ಮಾತ್ರ ಏನೂ ಹಾಕಬೇಡಿ.

ಗ್ಲಿಮಿಪಿರೈಡ್ ಅನ್ನುವ ಶುಗರ್ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು, ಊಟ ಮಾಡಿ, ಊಟ ಪೂರ್ತಿ ವಾಂತಿ ಆಯಿತು ಅಂದುಕೊಳ್ಳಿ. ಮಾತ್ರೆ ಒಳಗೇ ಇದೆ, ಅನ್ನ ಹೊರಗೆ ಬಂದಿದೆ. ಅವತ್ತು ಗಂಟೆಗೊಂದು ಸಲ ಶುಗರ್ ನೋಡಬೇಕು, ರಾತ್ರಿಯೂ ಸೇರಿ, ಡಾಕ್ಟರಿಗೂ ಫೋನ್ ಮಾಡಬೇಕು.

ಈಗ ಗಡಿಯಾರ

ಒಂದು ನೋಟ್ ಪುಸ್ತಕ ತಗೊಳ್ಳಿ. ಮೊದಲ ತುತ್ತು ಬಾಯಿಗೆ ಹೋದ ಹೊತ್ತು, ಏನು ತಿಂದರು, ತೊಳಸು ಶುರುವಾದ ಹೊತ್ತು, ಆಗಿನ ಶುಗರ್. ಪಕ್ಕದಲ್ಲಿ ಯಾವ ಮಾತ್ರೆ ಎಷ್ಟು ಹೊತ್ತಿಗೆ. ಒಂದು ವಾರ ಸಾಕು. ಮತ್ತೆ "ಗ್ಯಾಸ್" ಅಂತ ಬರೆಯಲೇಬೇಡಿ. ನಮ್ಮ ಕಡೆ ಹೊಟ್ಟೆ ಉಬ್ಬರ, ಎದೆ ಉರಿ, ಹುಳಿ ತೇಗು, ತಲೆ ಸುತ್ತು, ಬೆನ್ನು ಹಿಡಿಯುವುದು, ಎಲ್ಲದಕ್ಕೂ ಗ್ಯಾಸ್ ಅಂತಲೇ ಹೆಸರು. ಬಾಯಲ್ಲಿ ನೀರೂರಿ ವಾಂತಿ ಬರೋ ಹಾಗಾಗುತ್ತಾ, ತಲೆ ತಿರುಗುತ್ತಾ, ಹೊಟ್ಟೆ ತುಂಬಿ ಬಿಗಿದ ಹಾಗಾಗುತ್ತಾ ಅಂತ ಬಿಡಿಸಿ ಕೇಳಿ. ಅಮ್ಮನಂಥವರು ಒಂದೇ ಸಲಕ್ಕೆ ಹೇಳಲ್ಲ, ಮಕ್ಕಳಿಗೆ ಯಾಕೆ ತೊಂದರೆ ಅಂತ ಮುಚ್ಚಿಡುತ್ತಾರೆ, ಹಾಗಾಗಿ ಪಕ್ಕದಲ್ಲೇ ಕೂತು ನೋಡಬೇಕು.

ಹೊತ್ತು ಏನು ಹೇಳುತ್ತೆ? ಬೆಳಗ್ಗೆ ಎದ್ದಾಗಿನಿಂದಲೇ, ಊಟಕ್ಕೆ ಮುಂಚೆಯೇ ತೊಳಸುತ್ತಿದ್ದರೆ ಹೊಟ್ಟೆಯನ್ನೊಂದೇ ಬೈದು ಪ್ರಯೋಜನವಿಲ್ಲ. ಕಿಡ್ನಿ ಸೋತಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕು ಇರಬಹುದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅಂದರೆ ಜಠರ ಖಾಲಿಯಾಗುವುದು ನಿಧಾನವಾಗಿರಬಹುದು, ಅಥವಾ ಹುಣ್ಣು, ಗಡ್ಡೆ ಇರಬಹುದು. ಮಾತ್ರೆ ನುಂಗಿ ಅರ್ಧ ಗಂಟೆಯಿಂದ ಎರಡು ಗಂಟೆ ಒಳಗೆ, ಅದೂ ಅದೇ ಮಾತ್ರೆಯ ಹೊತ್ತಿಗೆ ಮಾತ್ರ ಅಂದರೆ ಮಾತ್ರೆಯ ಮೇಲೆ ಅನುಮಾನ. ಎಣ್ಣೆ ಜಿಡ್ಡಿನ ಊಟದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ನೋವಿನ ಜೊತೆ ಬಂದರೆ ಪಿತ್ತಕೋಶದ ಕಲ್ಲು ಇರಬಹುದು, ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತೆ. ಮಧ್ಯಾಹ್ನದ ಊಟ ಸಂಜೆ ಹಾಗೇ, ಕರಗದೆ ವಾಂತಿಯಲ್ಲಿ ಬಂದರೆ ಜಠರ ಸರಿಯಾಗಿ ಖಾಲಿಯಾಗುತ್ತಿಲ್ಲ ಅನ್ನುವುದಕ್ಕೆ ಅದು ಬಲವಾದ ಸುಳಿವು, ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಅಮ್ಮನ ಪುಸ್ತಕದಲ್ಲಿ ಏಳು ದಿನದಲ್ಲಿ ಎರಡು ಬೇರೆ ಬೇರೆ ಆಟ ಕಂಡವು. ಐದು ದಿನ ಬೆಳಗ್ಗೆ ಒಂಬತ್ತೂವರೆಯಿಂದ ಹತ್ತರ ಒಳಗೆ ತೊಳಸು, ತಿಂಡಿ ಏನೇ ಇರಲಿ. ಎರಡು ದಿನ ಸಂಜೆ ಆರರ ಹೊತ್ತಿಗೆ ವಾಂತಿ, ಅದರಲ್ಲಿ ಮಧ್ಯಾಹ್ನದ ಪಲ್ಯದ ಹುರುಳಿಕಾಯಿ ಚೂರು ಹೆಚ್ಚಿದ ಹಾಗೇ ಇತ್ತು. ದೋಷ ಒಂದಲ್ಲ, ಎರಡು. ಮೂರು ತಿಂಗಳು ಒಂದೇ ಅಂದುಕೊಂಡು ಹುಡುಕಿದ್ದಕ್ಕೇ ಸಿಕ್ಕಿರಲಿಲ್ಲ.

ಮಾತ್ರೆ ಡಬ್ಬಿ ಸುರಿಯಿರಿ

ಬೆಳಗಿನ ತೊಳಸಿಗೆ ಉತ್ತರ ಅಲ್ಲೇ ಇತ್ತು. ಅಮ್ಮ ಹಳೇ ಬಿಸ್ಕತ್ ಡಬ್ಬಿಯಲ್ಲಿ ಖಾಲಿ ಪಟ್ಟಿಗಳನ್ನೂ ಬಿಸಾಡದೆ ಇಟ್ಟಿದ್ದಳು, ಅದೇ ನಮ್ಮ ಪುಣ್ಯ. ಹಳೇ ಪಟ್ಟಿ, ಹೊಸ ಪಟ್ಟಿ ಪಕ್ಕ ಪಕ್ಕ ಇಟ್ಟು ಕನ್ನಡಕ ಹಾಕಿಕೊಂಡು ಓದಿದೆ. ಎರಡರಲ್ಲೂ ಮೆಟ್‌ಫಾರ್ಮಿನ್, ಅಂದರೆ ಶುಗರ್ ಇಳಿಸುವ ಮಾತ್ರೆ, ಎರಡರಲ್ಲೂ 1000 ಮಿ.ಗ್ರಾಂ. ಹಳೆಯದರಲ್ಲಿ ಹೆಸರಿನ ಮುಂದೆ ಎಸ್‌ಆರ್ ಅಂತ ಎರಡು ಅಕ್ಷರ ಇತ್ತು, ಹೊಸದರಲ್ಲಿ ಇರಲಿಲ್ಲ. ಬೇರೆ ಅಂಗಡಿಯಲ್ಲಿ ತಂದಾಗ "ಅದೇ ಮಾತ್ರೆ ಸಾರ್, ಕಂಪನಿ ಬೇರೆ ಅಷ್ಟೇ" ಅಂದಿದ್ದರು, ನಾನು ತಲೆ ಆಡಿಸಿ ಬಂದಿದ್ದೆ.

ಎಸ್‌ಆರ್, ಇಆರ್, ಎಕ್ಸ್‌ಆರ್ ಅಂದರೆ ಮಾತ್ರೆ ಒಳಗೆ ನಿಧಾನವಾಗಿ ಬಿಡುಗಡೆ ಆಗುತ್ತೆ ಅಂತ. ಸಾದಾ ಮೆಟ್‌ಫಾರ್ಮಿನ್ ಒಂದೇ ಸಲಕ್ಕೆ ಕರಗುತ್ತೆ. ವಾಕರಿಕೆ, ಬಾಯಲ್ಲಿ ಲೋಹದ ರುಚಿ, ಭೇದಿ ಇದರಲ್ಲಿ ಜಾಸ್ತಿ. ಖಾಲಿ ಹೊಟ್ಟೆಗೆ ನುಂಗಿದರೆ ಇನ್ನೂ ಜಾಸ್ತಿ. ಡಾಕ್ಟರಿಗೆ ಎರಡೂ ಪಟ್ಟಿ ತೋರಿಸಿದೆ, ಹಳೆಯದನ್ನೇ ತಿಂಡಿಯ ಮಧ್ಯದಲ್ಲಿ ತಗೊಳ್ಳೋಕೆ ಹೇಳಿದರು, ಹತ್ತು ದಿನದಲ್ಲಿ ಬೆಳಗಿನ ತೊಳಸು ಹೋಯಿತು. ಈ ನಿಧಾನದ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು. ಕೆಲವು ಸಲ ಅದರ ಸಿಪ್ಪೆ ಮಲದಲ್ಲಿ ಮಾತ್ರೆಯ ಆಕಾರದಲ್ಲೇ ಕಾಣುತ್ತೆ, ಹೆದರಬೇಡಿ, ಮದ್ದು ಒಳಗೆ ಸೇರಿರುತ್ತೆ.

ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿನ್ನುವವರಿಗೆ ಬಿ12 ಕಮ್ಮಿಯಾಗಬಹುದು. ಕಿಡ್ನಿ ಎಷ್ಟು ಸೋಸುತ್ತೆ ಅಂತ ಹೇಳುವ ಇ.ಜಿ.ಎಫ್.ಆರ್. ಲೆಕ್ಕ 30ಕ್ಕಿಂತ ಇಳಿದರೆ ಈ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಆ ಲೆಕ್ಕ ಹಾಕುವುದು ಕ್ರಿಯೇಟಿನಿನ್ ಅನ್ನುವ ರಕ್ತ ಪರೀಕ್ಷೆಯಿಂದ, ಹಾಗಾಗಿ ಅದರ ರಿಪೋರ್ಟ್ ಹಳೆಯದಾಗಿದ್ದರೆ ಹೊಸದು ಮಾಡಿಸಿ.

ಡಬ್ಬಿಯಲ್ಲಿ ಇನ್ನೇನು ನೋಡಬೇಕು? ಸೆಮಾಗ್ಲೂಟೈಡ್, ಲಿರಾಗ್ಲೂಟೈಡ್, ಟಿರ್ಜೆಪಟೈಡ್, ಅಂದರೆ ತೂಕ ಇಳಿಸುವುದಕ್ಕೂ ಕೊಡುವ ಇಂಜೆಕ್ಷನ್ ಗುಂಪು. ಇವು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತವೆ, ವಾಕರಿಕೆ ಇವುಗಳ ಮಾಮೂಲಿ ಕಾಟ, ಡೋಸ್ ಏರಿಸಿದ ವಾರಗಳಲ್ಲಿ ಜೋರು. ಡೋಸ್ ಯಾವತ್ತು ಏರಿತು ಅಂತ ಪುಸ್ತಕದಲ್ಲಿ ಬರೆಯಿರಿ. ಮಂಡಿ ನೋವಿನ ಮಾತ್ರೆ, ಆಸ್ಪಿರಿನ್, ಕಬ್ಬಿಣದ ಮಾತ್ರೆ, ಹಾರ್ಟಿನ ಡಿಗಾಕ್ಸಿನ್, ಹೋದ ವಾರ ತಿಂದ ಆಂಟಿಬಯೋಟಿಕ್, ಇವೂ ಲೆಕ್ಕಕ್ಕೆ ಬರಬೇಕು. ನಾಟಿ ಪುಡಿ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ ಕೂಡ. ಬಿ.ಪಿ. ಮಾತ್ರೆಯ ಜೊತೆ ಮೂತ್ರ ಹೆಚ್ಚಿಸುವ ಮದ್ದು ಸೇರಿದ್ದರೆ ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ಆಗ ವಾಕರಿಕೆ, ಮಂಕು, ನಡಿಗೆಯಲ್ಲಿ ತೂರಾಟ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ.

ಅನುಮಾನ ಬಂದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಪಟ್ಟಿ ಸಮೇತ ಹೋಗಿ ಕೇಳಿ.

ಹೊಟ್ಟೆಯೇ ನಿಧಾನವಾಗಿದ್ದರೆ

ಈಗ ಸಂಜೆಯ ವಾಂತಿ. ಜಠರ ಬರೀ ಚೀಲ ಅಲ್ಲ, ಅದು ಒರಳು. ಅನ್ನವನ್ನು ಅರೆದು ಅರೆದು ನುಣ್ಣಗಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ತಳ್ಳುತ್ತೆ. ಅದನ್ನು ಆಡಿಸುವುದು ವೇಗಸ್ ಅನ್ನುವ ನರ. ಕಾಲಿನ ನರ ಹಾಳಾಗಿ ಪಾದ ಜೋಮು ಹಿಡಿದ ಹಾಗೆ, ವರ್ಷಗಟ್ಟಲೆಯ ಶುಗರ್ ಈ ನರವನ್ನೂ ತಿನ್ನುತ್ತೆ. ಒರಳು ನಿಧಾನವಾಗುತ್ತೆ. ಇದಕ್ಕೆ ಡಾಕ್ಟರುಗಳು ಗ್ಯಾಸ್ಟ್ರೋಪರೇಸಿಸ್ ಅನ್ನುತ್ತಾರೆ. ಅವತ್ತವತ್ತಿನ ಶುಗರ್ ತುಂಬಾ ಏರಿದ್ದರೆ ಅದೇ ಹೊಟ್ಟೆಯನ್ನು ಇನ್ನಷ್ಟು ನಿಧಾನ ಮಾಡುತ್ತೆ, ಹೊಟ್ಟೆ ನಿಧಾನವಾದರೆ ಶುಗರ್ ಲೆಕ್ಕ ತಪ್ಪುತ್ತೆ, ಹೀಗೆ ಒಂದನ್ನೊಂದು ಎಳೆದಾಡುತ್ತವೆ.

ಮೀಟರಿನಲ್ಲೂ ಇದರ ಗುರುತು ಸಿಗುತ್ತೆ. ಊಟ ಆಗಿ ಒಂದು ಗಂಟೆಗೆ ಶುಗರ್ ಏರಬೇಕಾದ ಹೊತ್ತಲ್ಲಿ ಇಳಿಯುತ್ತೆ, ಐದಾರು ಗಂಟೆ ಬಿಟ್ಟು ಯಾವ ಕಾರಣವೂ ಇಲ್ಲದೆ ಏರುತ್ತೆ. ಊಟಕ್ಕೆ ಮುಂಚೆ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಇದು ಅಪಾಯ: ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಬಂತು, ಅನ್ನ ಇನ್ನೂ ಜಠರದಲ್ಲೇ ಕೂತಿದೆ. ಹೀಗೆ ಕಂಡರೆ ಇನ್ಸುಲಿನ್ ಹೊತ್ತು ಬದಲಿಸಬೇಕಾ ಅಂತ ಕೇಳಿ.

ಅಮ್ಮನಿಗೆ ಮೊದಲು ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸುವ ಪರೀಕ್ಷೆ, ಮಾಡಿದರು, ದಾರಿಯಲ್ಲಿ ಹುಣ್ಣು, ಗಡ್ಡೆ ಅಡ್ಡ ಇಲ್ಲ ಅಂತ ನೋಡಿಕೊಳ್ಳೋಕೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಊಟ, ಆಮೇಲೆ ಏನೂ ಇಲ್ಲ, ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ಮುಗಿದ ಮೇಲೆ ಡಾಕ್ಟರ್ ಫೋಟೋ ತೋರಿಸಿ "ರಾತ್ರಿ ಏನಮ್ಮಾ ಊಟ?" ಅಂದರು. "ಸೊಪ್ಪಿನ ಸಾರು ಸಾರ್." ಫೋಟೋದಲ್ಲಿ ಆ ಸೊಪ್ಪು ಇತ್ತು. ಹಸಿರು ಹಸಿರಾಗಿ, ದಂಟು ಸಮೇತ, 13 ಗಂಟೆ ಆದ ಮೇಲೂ. ಅಮ್ಮ ಅದನ್ನು ನೋಡಿ, "ನಾನು ಸಣ್ಣಗೇ ಹೆಚ್ಚಿದ್ದೆ" ಅಂದಳು. ಅಲ್ಲಿ ನಗಬಾರದಿತ್ತು, ನಕ್ಕೆ.

ಅಡ್ಡ ಏನೂ ಇಲ್ಲ, ಆದರೂ ಊಟ ಉಳಿದಿದೆ ಅಂದರೆ ಮುಂದಿನದು ಹೊಟ್ಟೆ ಖಾಲಿಯಾಗುವ ಸ್ಕ್ಯಾನ್. ಊಟದಲ್ಲಿ ಬಹಳ ಸಣ್ಣ ಪ್ರಮಾಣದ ವಿಕಿರಣ ಪದಾರ್ಥ ಸೇರಿಸಿ ತಿನ್ನಿಸಿ, ನಾಲ್ಕು ಗಂಟೆ ಕಾಲ ಆಗಾಗ ಚಿತ್ರ ತೆಗೆಯುತ್ತಾರೆ. ಹೊರದೇಶಗಳಲ್ಲಿ ಮೊಟ್ಟೆ, ಬ್ರೆಡ್ ಕೊಡುತ್ತಾರೆ, ನಮ್ಮ ಕಡೆ ಇಡ್ಲಿ ಕೊಟ್ಟು ಮಾಡುವುದೂ ಇದೆ. ನಾಲ್ಕು ಗಂಟೆ ಆದ ಮೇಲೂ ನೂರರಲ್ಲಿ ಹತ್ತು ಪಾಲಿಗಿಂತ ಜಾಸ್ತಿ ಉಳಿದಿದ್ದರೆ ನಿಧಾನ ಅಂತ ಲೆಕ್ಕ. ಶುಗರ್ ತೀರಾ ಏರಿದ ದಿನ ಮಾಡಿಸಿದರೆ ಉತ್ತರ ತಪ್ಪಾಗುತ್ತೆ. ಕೆಲವು ಮಾತ್ರೆಗಳನ್ನು ಮೊದಲೇ ನಿಲ್ಲಿಸಬೇಕಾಗುತ್ತೆ, ಕೇಳಿಕೊಂಡು ಹೋಗಿ. ಈ ಸ್ಕ್ಯಾನ್ ಎಲ್ಲ ಊರಲ್ಲೂ ಸಿಗಲ್ಲ.

ತೂಕ ಇಳಿಯುತ್ತಾ ಇದ್ದು, ಇಷ್ಟು ದಿನ ಸರಿಯಿದ್ದ ಶುಗರ್ ಇದ್ದಕ್ಕಿದ್ದ ಹಾಗೆ ಕೈಗೆ ಸಿಗದಿದ್ದರೆ ಮೇದೋಜೀರಕವನ್ನೂ ನೋಡಿಸಿ. ಹೆದರಿಸಲು ಹೇಳುತ್ತಿಲ್ಲ, ವಯಸ್ಸಾದವರಲ್ಲಿ ಕ್ಯಾನ್ಸರ್ ಹೀಗೆ ತಲೆ ಹಾಕುವುದುಂಟು.

ವಾಕರಿಕೆ ನಿಲ್ಲಿಸುವ ಮಾತ್ರೆಯೇ ಹೊಸ ತೊಂದರೆ ಆದಾಗ

ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದು ನಮ್ಮ ಮನೆಯಲ್ಲಿ ಆಗಿದೆ. ಗ್ಯಾಸ್ ಮಾತ್ರೆ ಅಂತ ತಂದಿದ್ದೆನಲ್ಲ, ಅದರ ಪಟ್ಟಿಯ ಹಿಂದೆ ಎರಡು ಹೆಸರಿದ್ದವು: ರಬೆಪ್ರಜೋಲ್, ಲೆವೊಸಲ್ಪಿರೈಡ್. ಮೊದಲನೆಯದು ಆಮ್ಲ ಕಮ್ಮಿ ಮಾಡುತ್ತೆ. ಎರಡನೆಯದು ಹೊಟ್ಟೆಯನ್ನು ಓಡಿಸುತ್ತೆ, ಆದರೆ ಅದು ಮೈಯ ಚಲನೆ ಹಿಡಿತದಲ್ಲಿಡುವ ಮೆದುಳಿನ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸವನ್ನೂ ತಡೆಯುತ್ತೆ. ವಯಸ್ಸಾದವರು ಇದನ್ನು ತಿಂಗಳುಗಟ್ಟಲೆ ತಿಂದರೆ ಪಾರ್ಕಿನ್ಸನ್ ಕಾಯಿಲೆಯ ಹಾಗೇ ಕೈ ನಡುಕ, ಬಿಗಿತ ಬರಬಹುದು. ಅಮ್ಮನ ಬಲಗೈ ಸಾರಿನ ಸೌಟು ಹಿಡಿದರೆ ನಡುಗುತ್ತಿತ್ತು, ಕುರ್ಚಿಯಿಂದ ಏಳೋಕೆ ಎರಡು ಸಲ ಪ್ರಯತ್ನ ಬೇಕಾಗುತ್ತಿತ್ತು. ನಾವು ವಯಸ್ಸು ಅಂದುಕೊಂಡೆವು. ಡಾಕ್ಟರ್ ಪಟ್ಟಿ ನೋಡಿದ್ದೇ ನಿಲ್ಲಿಸಿದರು, ನಡುಕ ಹೋಗಲು ಎರಡು ತಿಂಗಳು ಹಿಡಿಯಿತು.

ಮೆಟೊಕ್ಲೊಪ್ರಮೈಡ್‌ಗೂ ಇದೇ ಗುಣ ಇದೆ, 12 ವಾರಕ್ಕಿಂತ ಜಾಸ್ತಿ ತಿನ್ನಬಾರದು ಅಂತಲೇ ಎಚ್ಚರಿಕೆ ಇದೆ. ಡೊಮ್‌ಪೆರಿಡೋನ್ ಮೆದುಳಿಗೆ ಅಷ್ಟು ಹೋಗಲ್ಲ, ಆದರೆ ಹಾರ್ಟಿನ ಬಡಿತದ ಲಯ ಕೆಡಿಸಬಹುದು, ಹಾರ್ಟ್ ತೊಂದರೆ ಇರುವವರು ಸುಮ್ನೆ ನುಂಗುವ ಮಾತ್ರೆ ಅಲ್ಲ. ಅಂಗಡಿಯಲ್ಲಿ "ಗ್ಯಾಸಿಗೆ ಒಂದು ಕೊಡಿ" ಅಂದರೆ ಇದೇ ಜೋಡಿ ಮಾತ್ರೆ ಕೈಗೆ ಬರಬಹುದು. ಹಿಂದಿನ ಸಣ್ಣ ಅಕ್ಷರ ಓದಿ.

ತಲೆ ಸುತ್ತು ಜಾಸ್ತಿ, ವಾಕರಿಕೆ ಕಮ್ಮಿ ಅಂದರೆ

ಊಟಕ್ಕೆ ಮುಂಚೆ ಒಂದು ಸಲ, ಊಟವಾಗಿ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಗೆ ಒಂದೊಂದು ಸಲ ಬಿ.ಪಿ. ನೋಡಿ. ಮೇಲಿನ ಅಂಕಿ 20 ಅಥವಾ ಇನ್ನೂ ಹೆಚ್ಚು ಇಳಿದರೆ ತೊಂದರೆ ಹೊಟ್ಟೆಯದಲ್ಲ. ಊಟವಾದ ಮೇಲೆ ರಕ್ತ ಹೊಟ್ಟೆಯ ಕಡೆ ಹರಿಯುತ್ತೆ, ಉಳಿದ ರಕ್ತನಾಳಗಳು ಬಿಗಿಯಾಗಿ ಸರಿದೂಗಿಸಬೇಕು, ನರ ಸೋತಿದ್ದರೆ ಆಗಲ್ಲ. ಇವರು ಉಂಡ ತಕ್ಷಣ ವಾಕಿಂಗ್ ಹೊರಟರೆ ಬಿದ್ದು ಸೊಂಟ ಮುರಿದುಕೊಳ್ಳಬಹುದು. ಸಣ್ಣ ಊಟ, ಊಟಕ್ಕೆ ಮುಂಚೆ ನೀರು, ಉಂಡು ಸ್ವಲ್ಪ ಹೊತ್ತು ಕೂರುವುದು. ಹಾರ್ಟ್, ಕಿಡ್ನಿಗೆ ನೀರಿನ ಮಿತಿ ಹೇಳಿದ್ದರೆ ಅದರೊಳಗೇ. ಬಿ.ಪಿ. ಮಾತ್ರೆಯ ಹೊತ್ತಿನ ಬಗ್ಗೆ ಡಾಕ್ಟರಿಗೆ ಕೇಳಿ.

ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿ, ಕೆಳಗೆ ಕಟ್ಟಿದರೆ ಮೇಲೆ ತೊಳಸುತ್ತೆ.

ಊಟ

ಶುಗರ್ ಇರುವವರಿಗೆ ನಾರು ಜಾಸ್ತಿ ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ಹೊಟ್ಟೆ ನಿಧಾನ ಆದವರಿಗೆ ಅದು ಉಲ್ಟಾ. ನಾರು, ಜಿಡ್ಡು ಎರಡೂ ಜಠರದಲ್ಲಿ ಜಾಸ್ತಿ ಹೊತ್ತು ಕೂರುತ್ತವೆ. ಇದನ್ನು ಅಮ್ಮನಿಗೆ ಒಪ್ಪಿಸುವುದೇ ದೊಡ್ಡ ಕೆಲಸ ಆಯಿತು. ಅದರಲ್ಲೂ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಸೋತ ಒರಳಿಗೆ ಉಂಡೆ ಉಂಡೆಯಾಗಿ ಹಾಕಿದ ಹಾಗೆ. ಈಗ ಅದೇ ರಾಗಿ ಹಿಟ್ಟನ್ನು ಸೋಸಿ ತೆಳ್ಳಗೆ ಗಂಜಿ ಮಾಡುತ್ತೇವೆ. ಗಂಜಿ ಕುಡಿದರೆ ಶುಗರ್ ಬೇಗ ಏರುತ್ತೆ, ಅದೂ ನಿಜ, ಅದಕ್ಕೆ ಒಂದು ಲೋಟ ಅಷ್ಟೇ, ಜೊತೆಗೆ ಮಜ್ಜಿಗೆ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಕಡೆದ ತೊವ್ವೆ, ಸಿಪ್ಪೆ ತೆಗೆದ ಸೋರೆಕಾಯಿ, ಇಡ್ಲಿ. ದಿನಕ್ಕೆ ಐದು ಸಲ, ಸಲಕ್ಕೆ ಒಂದು ಸಣ್ಣ ಬಟ್ಟಲು. ರಾತ್ರಿಯದು ಏಳೂವರೆಗೆ ಮುಗಿಯುತ್ತೆ, ಉಂಡು ಎರಡು ಗಂಟೆ ಮಲಗುವ ಹಾಗಿಲ್ಲ. ಅಮ್ಮನಿಗೆ ಬಿ.ಪಿ. ಇಳಿಯುವ ತೊಂದರೆ ಇಲ್ಲ, ಹಾಗಾಗಿ ಅಂಗಳದಲ್ಲಿ ನಿಧಾನವಾಗಿ ಓಡಾಡುತ್ತಾಳೆ. ಕಿಡ್ನಿ ತೊಂದರೆ ಇದ್ದವರಿಗೆ ಈ ಪಟ್ಟಿ ಬೇರೆಯೇ ಆಗುತ್ತೆ.

ಹಲ್ಲು ನೋಡುವುದನ್ನು ನಾನು ಕೊನೆಗೆ ಬಿಟ್ಟಿದ್ದೆ, ಮೊದಲು ನೋಡಬೇಕಿತ್ತು. ಅಮ್ಮನ ಹಲ್ಲಿನ ಸೆಟ್ ತೂಕ ಇಳಿದ ಮೇಲೆ ಸಡಿಲವಾಗಿ, ಊಟಕ್ಕೆ ಮುಂಚೆ ತೆಗೆದು ಲೋಟದಲ್ಲಿ ಇಡುತ್ತಿದ್ದಳಂತೆ. ಹುರುಳಿಕಾಯಿ ಹೆಚ್ಚಿದ ಹಾಗೇ ಹೊರಗೆ ಬಂದಿದ್ದರಲ್ಲಿ ಅದರ ಪಾಲೂ ಇತ್ತು.

ಡಾಕ್ಟರ್ ಹತ್ತಿರ ಹೋಗುವಾಗ ಪುಸ್ತಕ, ಎಲ್ಲ ಮಾತ್ರೆ ಪಟ್ಟಿ, ಮೀಟರ್, ಹಳೇ ರಿಪೋರ್ಟ್, ಈಗಿನ ತೂಕ ಮತ್ತು ಆರು ತಿಂಗಳ ಹಿಂದಿನ ತೂಕ ತಗೊಂಡು ಹೋಗಿ. ವಾಂತಿಯಲ್ಲಿ ಊಟ ಬಂದಿದ್ದರೆ ಮುಜುಗರ ಬಿಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ, ಹತ್ತು ಮಾತಿನ ಕೆಲಸ ಅದು ಮಾಡುತ್ತೆ.

ನಮ್ಮ ಪುಸ್ತಕ ಈಗಲೂ ಅಡುಗೆ ಮನೆಯ ಕ್ಯಾಲೆಂಡರ್ ಮೊಳೆಗೆ ನೇತು ಬಿದ್ದಿದೆ. ಬರೆಯುವುದು ಅಮ್ಮನೇ. ಹಬ್ಬದ ದಿನದ ಎದುರು ಒಂದು ಸಾಲು ಇದೆ: "ಒಬ್ಬಟ್ಟು 2. ಸಂಜೆ 5.40, ತೊಳಸು." ಮೊದಲು 1 ಅಂತ ಬರೆದು, ಆಮೇಲೆ ಹೊಡೆದು ಹಾಕಿ 2 ಮಾಡಿದ್ದಾಳೆ.